ಹತ್ತನೇ ಪ್ರಶ್ನಿ

ಮಗ್ಗ ನಿಂತ್ರ ಕೂಸು ಎಚ್ಚರಾಗ್ತದ.
ಸೊಲ್ಲಾಪುರದ ಈ ಗಲ್ಲಿಯೊಳಗ ಎಲ್ಲಾ ಕೂಸುಗೋಳೂ ಹಂಗ:
ಖಟಾಖಟ್ ಖಟಾಖಟ್ ಅಂತಿದ್ರ ನಿದ್ದಿ,
ಲೈಟ್ ಹೋಗಿ ಗಪ್ಪಾತು ಅಂದ್ರ ಒದರಾಟ.
ನಂದು ಉಲ್ಟಾ.
ಹೊರಗ ಗಪ್ಪಾದಾಗ ಒಳಗ ಯಾವದೋ ಲಾಳಿ
ಆ ಕಡಿಂದ ಈ ಕಡಿಗೆ, ಈ ಕಡಿಂದ ಆ ಕಡಿಗೆ,
ನೂಲೇ ಇಲ್ಲ.

ಹಡದು ನಲವತ್ತೆರಡು ದಿನ.
ತವರಾಗ ಅವ್ವ ಇಲ್ಲ, ಅದಕ್ಕ ಬಾಣಂತನ ಇಲ್ಲೇ,
ಪತ್ರಾದ ಮನ್ಯಾಗ,
ಹೊರಸಿನ ಕೆಳಗ ಶೇಗಡಿ, ತಲಿಗೆ ಬಿಗದ ಸ್ಕಾರ್ಫು.
ಅಳ್ವಿ ಪಾಯಸ, ಅಂಟಿನ ಉಂಡಿ, ಹುರದ ಖೊಬ್ರಿ,
ಬಾಯಾಗ ಹೋದ್ರ ಎಲ್ಲಾ ಒಂದೇ, ಸುತ್ತಿಟ್ಟ ನೂಲು.
ಬಂದವ್ರು ಕೂಸಿನ ಕೈಯಾಗ ಹತ್ತು ರೂಪಾಯಿ ಇಟ್ಟು
"ಅಪ್ಪನ ಮೂಗು" ಅಂತಾರ.
ನಾ ನೋಡ್ತೀನಿ. ಮೂಗು ಅದ. ಹೌದು.
ಯಾರೋ ತಮ್ಮ ಕೂಸು ನನ್ನ ತೊಡಿ ಮ್ಯಾಲ ಮರತು ಹೋಗ್ಯಾರ,
ಸಂಜಿಗೆ ಬಂದು ಒಯ್ತಾರ ಅನಸ್ತದ.
ಸಂಜಿ ಆಗ್ತದ. ಯಾರೂ ಬರೂದಿಲ್ಲ.
ಎದಿ ಮಾತ್ರ ನನ್ನ ಕೇಳದನ ತೊಟ್ಟಿಕ್ತದ.

"ಹಡದವ್ರು ನೀ ಒಬ್ಬಾಕೀನ ಏನ?"
ಅತ್ತಿ ಟಾವೆಲ್ಲಿನ ಅಂಚು ಹೊಲಕೋತ ಅಂತಾಳ,
ಸಿಟ್ಟಿಲೆ ಅಲ್ಲ, ಎಣಿಸಿಕೋತ:
ನೀ ಒಬ್ಬಾಕೀನ, ಹನ್ನೊಂದು, ಏನ, ಹನ್ನೆರಡು.
ಒಂದು ಡಜನ್ ಆತು. ಪಕ್ಕಕ್ಕ ಇಡ್ತಾಳ.

ಆಶಾ ಪುತಳಾಬಾಯಿ ಹಾಳಿ ಹಿಡಕೊಂಡು ಬಂದ್ಳು.
ಹತ್ತು ಪ್ರಶ್ನಿ, ಎಲ್ಲಾ ಮರಾಠಿ.
ನಾ ಇಂಡಿ ಕಡಿಯಾಕಿ. ಬಾಜಾರದ ಮರಾಠಿ ಬರ್ತದ,
ಮೆಂತೆ ಕೇಳಲಾಕ, ಚಿಲ್ಲರ ಇಸ್ಕೊಳ್ಳಲಾಕ.
ಮನಸಿನ ಮರಾಠಿ ಬರೂದಿಲ್ಲ.
ಅತ್ತಿ ನಡುವ ಕುಂತು ಕನ್ನಡ ಮಾಡಿ ಹೇಳಿದ್ಳು.

"ಉದಾಸ ವಾಟತಂ ಕಾ?" ಇದಷ್ಟು ನನಗ ತಿಳೀತು ಅನಕೊಂಡೆ.
ನಮ್ಮೂರಾಗ ಉದಾಸೀನ ಅಂದ್ರ ಅಲಕ್ಷ್ಯ.
ಇಲ್ರೀ, ಹಾಲು ಕುಡಸ್ತೀನಿ, ಎರೀತೀನಿ, ಅಂಗಿ ಬದಲಿ ಮಾಡ್ತೀನಿ,
ಪೋಲೀಸರ ಮುಂದ ಹೇಳಿದಂಗ ಲೆಕ್ಕ ಒಪ್ಪಿಸಿದೆ.
ಪುತಳಾಬಾಯಿ ಪೆನ್ನು ಕಚ್ಚಿಕೊಂಡು ನನ್ನ ನೋಡಿದ್ಳು.

ನಗು ಬರ್ತದ? ನಿದ್ದಿ? ತಪ್ಪು ಎಲ್ಲಾ ನಂದೇ ಅನಸ್ತದ?
ಒಂಬತ್ತು ದಾಟಿತು.
ಹತ್ತನೇದು ಆಕಿ ಸಣ್ಣ ದನಿಲೆ ಓದಿದ್ಳು.
ಅತ್ತಿ ಕನ್ನಡ ಮಾಡಲಿಲ್ಲ.
ಸೂಜಿ ಟಾವೆಲ್ಲಿನಾಗ ಚುಚ್ಚಿ ಇಟ್ಳು.
"ನನಗ ಬಂದಿತ್ತು," ಅಂದ್ಳು.
"ನಿನ್ನ ಗಂಡ ಹುಟ್ಟಿದಾಗ. ಬಾವಿ ತನಕ ಹೋಗಿದ್ದೆ.
ಕೊಡ ಒಯ್ದಿರಲಿಲ್ಲ."

ಬಾಣಂತಿ ಸನ್ನಿ ಅಂದಿದ್ರಂತ ಆಗ.
ಬಾಗಿಲಾ ಹಾಕಿ ಮೆಣಸಿನಕಾಯಿ ಹೊಗಿ, ಬೇವಿನ ತಪ್ಪಲಿಲೆ ಹೊಡತ.
"ಹೋತು?" ಅಂದೆ.
"ಎಲ್ಲಿ ಹೋಗ್ತದ. ಅದರ ಮ್ಯಾಲೇ ಹೊಲಕೊಂಡೆ.
ಈಕಿ ಈಗ ನಿನಗ ಕೇಳಲತ್ತಾಳ. ಖರೇ ಹೇಳು."
ನಾ ಹೌದು ಅಂತ ತಲಿ ಹಾಕಿದೆ.
ಪುತಳಾಬಾಯಿ ಗೀಟು ಹಾಕಿ, ಹಾಳಿ ಮಡಚಿ,
ಒಂದು ಕಪ್ಪು ಚಾ ಕೇಳಿದ್ಳು.

ಸಿವಿಲ್ ದವಾಖಾನಿಗೆ ಮೂವರೂ ಹೋದಿವಿ, ಕೂಸು ಹಿಡದ್ರ ನಾಕು.
ಸಣ್ಣ ಬಿಳಿ ಗುಳಿಗಿ, ದಿನಕ್ಕೊಂದು, ಎದಿ ಹಾಲಿಗೂ ನಡೀತದಂತ.
ಒಮ್ಮೇಲೆ ಏನೂ ಆಗೂದಿಲ್ಲ, ತಡೀರಿ ಅಂದ್ಳು ಡಾಕ್ಟರ್,
ಮತ್ತ ಮಾತಾಡಲಾಕ ಮಂಗಳವಾರಕ್ಕೊಮ್ಮೆ ಬರ್ರಿ ಅಂದ್ಳು.
ಗಂಡ ಹಗಲ ಪಾಳಿ ಬೇಡಿದ, ಸೇಠ ಕೊಡಲಿಲ್ಲ.
ನಸುಕಿನ್ಯಾಗ ಬಂದು, ಮೈಮ್ಯಾಲಿನ ಹತ್ತಿ ಝಾಡಿಸದನ
ಕೂಸಿನ ಎತಗೊಂಡು ಗಲ್ಲಿ ತಿರಗ್ತಾನ.
ಆ ಎರಡು ತಾಸು ನಾ ಮಲಗ್ತೀನಿ. ಕಲ್ಲಿನಂಗ.

ಎಷ್ಟು ಗುಳಿಗಿ ಆದ್ವೋ ಎಣಿಸಿಲ್ಲ.
ಒಂದಿನ ಮಧ್ಯಾಹ್ನ ಲೈಟ್ ಹೋತು.
ಕೂಸು ಎಚ್ಚರಾತು. ಯಾಕೋ ಒದರಲಿಲ್ಲ.
ಮುಷ್ಟಿ ಬಿಗದಿತ್ತು. ಒಂದೊಂದ ಬಟ್ಟು ಬಿಡಿಸಿದೆ.
ಒಳಗ ಹತ್ತಿ ಅರಳಿ, ಬೆವತು ಹಸಿಯಾಗಿದ್ದು,
ಅಪ್ಪನ ಅಂಗಿಂದು ಇರಬೇಕು.
ತಗದೆ.
ಇದಕ್ಕ ಮಾಯಾ ಅಂತ ಹೆಸರಿಡಬ್ಯಾಡ್ರಿ, ಅವಸರ ಬ್ಯಾಡ.
ಅರಳಿ ತಗದೆ, ಅಷ್ಟ.
ಇನ್ನೊಂದು ಕೈನೂ ನೋಡಿದೆ.